ಸ್ವಿಚ್ಚಿನಲ್ಲೂ ಮುಂದಿನ ಸಾಲು

ಇಷ್ಟು ವರ್ಷಗಳ ಮೇಲೂ ಆ ಪಟ್ಟಿ ನೆನಪಾದರೆ ಮೈ ಉರಿಯುತ್ತದೆ. ಅದರ ಕೆಳಗೆ ನನ್ನ ಸಹಿಯೂ ಇತ್ತಲ್ಲ, ಅದಕ್ಕೆ ಇನ್ನಷ್ಟು.

ಎರಡು ಸಾವಿರದ ಇಸವಿ ದಾಟಿತ್ತು. ಸಪ್ತಾಪುರದ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ನಮ್ಮದೇ ಹುಬ್ಬಳ್ಳಿ ಕ್ಯಾಂಪಸ್ಸಿಗೆ ಒಂದೇ ನೆಟ್‌ವರ್ಕ್ ಲೈನು. ಫೋಟೊ, ಫೈಲು, ಮಾತು ಎಲ್ಲ ಅದರಲ್ಲೇ. ಎಲ್ಲರೂ ಒಟ್ಟಿಗೆ ನುಗ್ಗಿದರೆ ಯಾರನ್ನು ಮೊದಲು ಬಿಡಬೇಕೆಂದು ಸ್ವಿಚ್ ಎಂಬ ಪೆಟ್ಟಿಗೆಗೆ ಹೇಳಿಡಬೇಕಂತೆ. ಏಳು ಎಂದರೆ ಎಲ್ಲರಿಗಿಂತ ಮೊದಲು, ಸೊನ್ನೆ ಎಂದರೆ ಕೊನೆಗೆ. ನೆಟ್‌ವರ್ಕ್ ಎಂಜಿನಿಯರ್ ಪಟ್ಟಿ ಕೇಳಿದ. ಹೆಡ್ ಕ್ಲಾರ್ಕ್ ಗ್ಯಾದರಿಂಗಿನ, ಅಂದರೆ ಕಾಲೇಜು ವಾರ್ಷಿಕೋತ್ಸವದ, ಆಮಂತ್ರಣ ಪತ್ರಿಕೆ ತೆಗೆದು ಅದೇ ಕ್ರಮದಲ್ಲಿ ಬರೆದರು: ಚೇರ್ಮನ್ನರಿಗೆ ಏಳು, ಸೆಕ್ರೆಟರಿಗೆ ಆರು, ಪ್ರಿನ್ಸಿಪಾಲರಿಗೆ ಐದು. ಪತ್ರಿಕೆಯಲ್ಲೇ ಇರದ ನನ್ನ ಲ್ಯಾಂಗ್ವೇಜ್ ಲ್ಯಾಬಿಗೆ ಸೊನ್ನೆ. ನಾನು ಕಂಪ್ಯೂಟರ್ ಕಮಿಟಿ ಮೆಂಬರ್ ಎಂದು ಪಟ್ಟಿಯನ್ನು ನನ್ನ ಮುಂದಿಟ್ಟರು. ಕಾನ್ವೆಂಟಿನ ಅಭ್ಯಾಸ, ಎರಡು ಸ್ಪೆಲಿಂಗ್ ತಿದ್ದಿ ಸಹಿ ಹಾಕಿದೆ. ವಾಟ್ ಎ ಫೂಲ್ ಐ ವಾಸ್!

ಶಿರಗುಪ್ಪಿಯ ಹುಡುಗಿಯೊಬ್ಬಳು ಸಪ್ತಾಪುರದಲ್ಲಿ ಬಾಡಿಗೆ ಖೋಲಿ ಹಿಡಿದು ನನ್ನ ಬಳಿ ಓದುತ್ತಿದ್ದಳು. ನಮ್ಮ ಹುಬ್ಬಳ್ಳಿ ಕ್ಯಾಂಪಸ್ಸಿನಲ್ಲಿ ಟೀಚರ್ ಟ್ರೇನಿಂಗಿನ ಸೀಟು ಸಿಗದಿದ್ದರೆ ಓದು ಬಿಟ್ಟು ಊರಿಗೆ ಬಾ ಎಂದಿದ್ದರು ಮನೆಯವರು. ಸ್ಪೋಕನ್ ಟೆಸ್ಟು ನಮ್ಮ ಲ್ಯಾಬಿನಿಂದ, ಮೈಕಿನಲ್ಲಿ, ಅದೇ ಲೈನಿನ ಮೇಲೆ. ನನ್ನ ಪಕ್ಕದಲ್ಲೇ ಕುಳಿತು ಮುತ್ತು ಪೋಣಿಸಿದಂತೆ ಮಾತನಾಡಿದಳು. ಹುಬ್ಬಳ್ಳಿ ಕಡೆಯಿಂದ ಪರೀಕ್ಷಕರು, "ಭಾಳ ತೊದಲಾಕತ್ತಾಳ್ರಿ. ಟೀಚರ್ ಆಗಾಕ ನಡಿಯಂಗಿಲ್ಲ" ಎಂದುಬಿಟ್ಟರು.

ಎಂಜಿನಿಯರ್ ಓಡಿ ಬಂದು ನೋಡಿದ. "ಚೇರ್ಮನ್ರ ಖೋಲಿಯಿಂದ ಸನ್ಮಾನದ ಫೋಟೊ ಹೊಂಟಾವ್ರಿ. ಫೋಟೊ ತಡಾ ಆದ್ರ ನಡೀತೈತಿ, ಮಾತು ತಡಾ ಆದ್ರ ತುಂಡಾಗ್ತೈತಿ. ಲಿಸ್ಟ್ ನೀವ ಕೊಟ್ಟೀರಲ್ರಿ ಮೇಡಂ!"

ಪಟ್ಟಿ ಬದಲಿಸಿ, ಫೋಟೊಗಳನ್ನು ಕೊನೆಗೆ ಹಾಕಿ ಎಂದು ಹೆಡ್ ಕ್ಲಾರ್ಕಿಗೆ ಹೇಳಿದೆ.

"ಚೇರ್ಮನ್ರಿಗೆ ಸೊನ್ನಿ ಕೊಡೂದೇನ್ರಿ ಬಾಯಾರ? ನಾಳೆ ನನ್ನ ಖುರ್ಚಿಗೇ ಸೊನ್ನಿ!"

"ಹಿಂದ ಉಳದ್ರ ಫೋಟೊ ಸಿಟ್ಟಾಗ್ತಾವೇನ್ರಿ?"

ನೇರ ಹೋಗಿ ಚೇರ್ಮನ್ನರನ್ನೇ ಲ್ಯಾಬಿಗೆ ಕರೆತಂದು ಮೈಕಿನ ಮುಂದೆ ಕೂರಿಸಿದೆ. ಅವರ ಖೋಲಿಯಿಂದ ಅವೇ ಫೋಟೊ ಮತ್ತೆ ಕಳಿಸಲು ಹೇಳಿದ್ದೆ. ಅವರು ಗಂಟಲು ಸರಿಪಡಿಸಿಕೊಂಡು ಶುರು ಮಾಡಿದರು. ಹುಬ್ಬಳ್ಳಿಯಿಂದ ಉತ್ತರ ಬಂತು: "ಯಾರ್ರೀ ಅದು? ಬಾಯಾಗಿನ ಎಲಿ ಅಡಿಕಿ ಉಗುಳಿ ಬಂದು ಮಾತಾಡ್ರಿ!"

ಅವರ ಮುಖ ಕೆಂಪಗಾಯಿತು. ಅಂದೇ ಮಾತಿಗೆ ಏಳು, ಫೋಟೊಗಳಿಗೆ ಸೊನ್ನೆ. ಚೇರ್ಮನ್ನರು ಮರುಪರೀಕ್ಷೆಗೂ ಒಪ್ಪಿದರು. ಆದರೆ ಹುಡುಗಿ, "ಆ ಮೈಕ್ ಮುಂದ ನಾ ಇನ್ನ ಕುಂದ್ರಂಗಿಲ್ರಿ" ಎಂದಳು. ಬಸ್ಸಿನಲ್ಲಿ ನಾನೇ ಕರೆದೊಯ್ದೆ. ಎದುರುಬದುರು ಕುಳಿತು ಮಾತನಾಡಿ ಸೀಟು ಗೆದ್ದಳು.

ಸಂತೋಷಪಡಬೇಕಿತ್ತು. ಆದರೆ ವಾಪಸು ಬರುವಾಗ, ಭುಜಕ್ಕೆ ಭುಜ ತಾಗಿಸಿ ಕುಳಿತವಳು, ಪ್ರತಿ ಮಾತು ಮುಗಿದ ಕೂಡಲೇ ನನ್ನ ಮುಖ ನೋಡಿ ಕೇಳುತ್ತಿದ್ದಳು: "ಕೇಳಸ್ತೇನ್ರಿ ಮೇಡಂ?"