ಪುಲ್ಲಿಯ ಮೇಲಿನ ಬಿಳಿ ಗೆರೆ

ನಾನು ಮೋಟಾರು ರಿಪೇರಿಯವನು. ಎಂಜಿನ್ ಕೆಮ್ಮಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ನಂಬಿ ರಾಣೆಬೆನ್ನೂರಿನಲ್ಲಿ ಮೂವತ್ತು ವರ್ಷ ಅನ್ನ ಉಂಡವನು. ಸತ್ತವರು ಬಂದರು, ಕರೆದರು ಎಂದು ಯಾರಾದರೂ ಹೇಳತೊಡಗಿದರೆ ಎದ್ದು ಹೋಗುತ್ತಿದ್ದೆ. ಈಗ ಕೂತು ಕೇಳುತ್ತೇನೆ. ನಂಬಿಕೆ ಬಂದಿದೆ ಎಂದಲ್ಲ. ಎದ್ದು ಹೋಗುವ ಧೈರ್ಯ ಉಳಿದಿಲ್ಲ.

ದಾವಲಸಾಬ ಮತ್ತು ನಾನು ಇಪ್ಪತ್ತೆರಡು ವರ್ಷ ಒಂದೇ ಗ್ಯಾರೇಜಿನ ಪಾಲುದಾರರು. ಗಳಗನಾಥದ ನಿಂಗಪ್ಪ ಜನರನ್ನು ಬೋಟಿನಲ್ಲಿ ಹೊಳೆ ದಾಟಿಸುವವನು. ಹುಟ್ಟು ಹಾಕಿ ಹಾಕಿ ಅವನ ಹೆಗಲು ಸೋತಿತ್ತು. ಬ್ಯಾಡಗಿಯಲ್ಲಿ ಸಿಕ್ಕ ಹಳೆ ಕಾರಿನ ಪೆಟ್ರೋಲ್ ಎಂಜಿನ್ನನ್ನು ಅವನ ಬೋಟಿಗೆ ಕೂಡಿಸೋಣ ಎಂದು ಹೊರಟವನು ದಾವಲಸಾಬನೇ. ಕೆಲಸ ಅರ್ಧ ಆಗುವಷ್ಟರಲ್ಲಿ ಕಾಮಾಲೆ ಹೆಚ್ಚಾಗಿ ಹಾವೇರಿಯ ಆಸ್ಪತ್ರೆ ಸೇರಿದ. ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡ.

"ನಾ ಬರೂತನಕ ಚಾಲೂ ಮಾಡಬ್ಯಾಡ. ಮೊದಲನೇ ಸದ್ದು ನಾ ಕೇಳಬೇಕು."

ಆಗಲಿ ಎಂದೆ. ನಾನು ಹೋದದ್ದು ಅದೊಂದೇ ಸಲ. ಹೊಳೆ ಏರುವುದರೊಳಗೆ ಮುಗಿಸಿಕೊಡಿ ಎಂದು ನಿಂಗಪ್ಪ ಅವಸರ ಮಾಡಿದ, ನಾನೂ ಅವಸರಪಟ್ಟೆ. ಎಂಜಿನ್ ಚಾಲೂ ಮಾಡಿದ ಮರುದಿನ ಬೆಳಿಗ್ಗೆ ದಾವಲಸಾಬ ತೀರಿಕೊಂಡ ಸುದ್ದಿ ಬಂತು.

ಮಣ್ಣು ಮಾಡಿ ಬಂದ ಮೇಲೆ ಎಂಜಿನ್ನಿನ ಕಾಟ ಶುರುವಾಯಿತು. ದಡಕ್ಕೆ ಕಟ್ಟಿದಾಗ ಚೆನ್ನಾಗಿ ಓಡುವುದು. ಜನ ಹತ್ತಿ ನೀರಿಗಿಳಿದರೆ ಶಕ್ತಿ ಇಲ್ಲ, ಸೈಲೆನ್ಸರಿನಲ್ಲಿ ಪಟಪಟ ಸದ್ದು, ಮುಟ್ಟಲಾರದ ಬಿಸಿ. ಒಂದು ದಿನ ಎಂಟು ಜನರಿದ್ದಾಗ ನಡುಹೊಳೆಯಲ್ಲಿ ನಿಂತೇಬಿಟ್ಟಿತು. ಬೋಟು ಸೆಳವಿಗೆ ಸಿಕ್ಕಿ ಬಂಡೆಗಳತ್ತ ತೇಲಿತು. ನಿಂಗಪ್ಪ ಹೇಗೋ ಬಿದಿರಿನ ಗಳ ಊರಿ ದಡಕ್ಕೆ ತಂದ. ಹಸುಗೂಸನ್ನು ಎದೆಗವುಚಿಕೊಂಡಿದ್ದ ಹೆಂಗಸೊಬ್ಬಳು ಇಳಿದು, ನನ್ನನ್ನೊಮ್ಮೆ ನೋಡಿ, ಏನೂ ಅನ್ನದೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಲಕ್ಷಣಗಳೆಲ್ಲ ಕಿಡಿ ತಡವಾಗಿ ಹಾರುತ್ತಿದೆ ಎಂದೇ ಹೇಳುತ್ತಿದ್ದವು. ಆದರೆ ಎಂಜಿನ್ನಿನ ಮುಂದೆ ತಿರುಗುವ ಗಾಲಿ, ಪುಲ್ಲಿ, ಅದರ ಮೇಲೆ ಕಿಡಿಯ ಹೊತ್ತು ನೋಡಲು ಕಂಪನಿಯವರು ಹಾಕಿದ ಗುರುತು ಮಾತ್ರ ಪ್ರತಿ ಸಲವೂ ಸರಿಯಾದ ಜಾಗದಲ್ಲೇ ಇರುತ್ತಿತ್ತು. ಮೂರು ದಿನ ಪ್ಲಗ್ಗು, ವೈರು, ಕಾರ್ಬ್ಯುರೇಟರು ಎಲ್ಲ ಬಿಚ್ಚಿ ಕೂಡಿಸಿದೆ. ನಾಲ್ಕನೆಯ ದಿನ ಹೊತ್ತು ಮುಳುಗುವುದನ್ನು ಕಾದು ಟೈಮಿಂಗ್ ಲೈಟ್ ಹಚ್ಚಿದೆ. ಕಿಡಿ ಹಾರಿದಾಗಲೆಲ್ಲ ಮಿಂಚುವ ದೀಪ ಅದು. ಆ ಬೆಳಕಿನಲ್ಲಿ ಗರಗರ ತಿರುಗುವ ಪುಲ್ಲಿ ನಿಂತಂತೆ ಕಾಣುತ್ತದೆ. ಮಸುಕಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಕಂಪನಿಯ ಗುರುತು ಅದರ ಜಾಗದಲ್ಲೇ ಇತ್ತು. ಅದರಿಂದ ಒಂದು ಬೆರಳು ಆಚೆ, ದಪ್ಪನೆಯ ಬಿಳಿ ಗೆರೆ ಕಂಡಿತು. ದಾವಲಸಾಬ ಎಲೆ ಅಡಿಕೆಯ ಚಂಚಿಯಿಂದ ಸುಣ್ಣ ತೆಗೆದು ಬೆರಳಲ್ಲೇ ಗುರುತು ಹಾಕುತ್ತಿದ್ದ. ಗೆರೆಯ ತುದಿ ಎಡಕ್ಕೆ ಸ್ವಲ್ಪ ಬಾಗುತ್ತಿತ್ತು. ಇದೂ ಬಾಗಿತ್ತು.

ನನ್ನ ಕಣ್ಣಿನ ದೋಷ ಎಂದುಕೊಳ್ಳುತ್ತಿದ್ದೆನೋ ಏನೋ. ಆದರೆ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ನಿಂಗಪ್ಪ ಕೇಳಿದ:

"ಆ ಬಿಳೀ ಗೆರಿ ನೀವ ಹಾಕಿದ್ರೇನ್ರಿ?"

ನಾನು ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಸಡಿಲಿಸಿ, ಆ ಗೆರೆ ಎಂಜಿನ್ನಿನ ಮೈಮೇಲಿನ ಗುರುತಿನ ಮುಳ್ಳಿಗೆ ಎದುರಾಗಿ ಬರುವ ತನಕ ನಿಧಾನವಾಗಿ ತಿರುಗಿಸಿದೆ. ಎಂಜಿನ್ನಿನ ದನಿ ಬದಲಾಯಿತು. ಉಸಿರುಕಟ್ಟಿದವನಿಗೆ ಉಸಿರು ಬಂದಂತೆ. ಬೋಲ್ಟು ಬಿಗಿದು ಎಂಜಿನ್ ನಿಲ್ಲಿಸಿದೆ. ಪುಲ್ಲಿಯ ಸುತ್ತ ಬೆರಳಾಡಿಸಿದರೆ ಕಪ್ಪು ಎಣ್ಣೆ ಮಾತ್ರ ಹತ್ತಿತು. ಮತ್ತೆ ಚಾಲೂ ಮಾಡಿ ದೀಪ ಹಿಡಿದೆ. ಗೆರೆ ಇರಲಿಲ್ಲ. ನಿಂಗಪ್ಪ ಎಲೆ ಅಡಿಕೆ ಹಾಕುವವನಲ್ಲ.

ಮರುದಿನ ಹತ್ತು ಜನರನ್ನು ಕೂಡಿಸಿಕೊಂಡು ಬೋಟು ನೆಟ್ಟಗೆ ಆಚೆ ದಡ ಮುಟ್ಟಿತು. ವಾರದ ಮೇಲೆ ಪುಲ್ಲಿ ಬಿಚ್ಚಿದಾಗ, ಒಳಗಿನ ರಬ್ಬರು ಹಳತಾಗಿ ಹೊರಗಿನ ಬಳೆ ಜಾರಿದ್ದು ತಿಳಿಯಿತು. ಕಂಪನಿಯ ಗುರುತು ಸುಳ್ಳು ಹೇಳಿದ್ದು ಯಾಕೆಂದು ಹೀಗೆ ಗೊತ್ತಾಯಿತು. ಗೆರೆ ಎಳೆದವರು ಯಾರು ಎಂಬುದಕ್ಕೆ ಪುಲ್ಲಿಯೊಳಗೆ ಉತ್ತರ ಇರಲಿಲ್ಲ.

ದಾವಲಸಾಬನ ಹೆಂಡತಿ ಹಸೀನಾಬಿಗೆ ಗೆರೆಯ ವಿಷಯ ಹೇಳಬೇಕೆಂದು ಅವರ ಮನೆಗೆ ಹೋದೆ. ಆಕೆ ಚಹಾ ತಂದಿಟ್ಟು ಎದುರಿಗೆ ಕೂತಳು.

"ಅಣ್ಣಾರ, ದವಾಖಾನ್ಯಾಗ ಇವ್ರು ದಿನಾ ಕೇಳ್ತಿದ್ರು, ಅಂವಾ ಬಂದಿದ್ನೇನು ಅಂತ. ‘ನೀವು ಮಲಗಿದ್ದಾಗ ಅಣ್ಣಾರು ಬಂದು ಹೋದ್ರು’ ಅಂತ ಹೇಳ್ತಿದ್ದೆ. ನಂಬಿದ್ರು."

ಬೋಟು ಚಂದ ಓಡುತ್ತದೆಯೇ ಎಂದು ಆಕೆ ಕೇಳಿದಳು. ಓಡುತ್ತದೆ ಎಂದೆ, ಅಷ್ಟೇ. ಗೆರೆಯ ಮಾತು ಎತ್ತಿದ್ದರೆ, ತನ್ನ ಗಂಡ ಈಗ ಹೇಗಿದ್ದಾರೆ ಎಂದು ಕೇಳುತ್ತಿದ್ದಳು. ಅದಕ್ಕೇನು ಹೇಳಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.