ಉಸ್ತಾದರು ಕೇಳಿದ ಕಾಲಿನ ಸಪ್ಪಳ

ಹುಮನಾಬಾದಿನಲ್ಲಿ ಮೊಹಿನುದ್ದೀನ್ ಉಸ್ತಾದರ ಟಾಂಗಾ ಗೊತ್ತಿಲ್ಲದವರು ಆಗ ಯಾರೂ ಇರಲಿಲ್ಲ. ಹುಮನಾಬಾದಿನಿಂದ ಕಲ್ಯಾಣಿಗೆ ಜನರನ್ನು ಕೂರಿಸಿಕೊಂಡು ಹೋಗುವುದು, ಬರುವುದು. ಅದೇ ಅವರ ಬದುಕು. ಈಗ ಬಸವಕಲ್ಯಾಣ ಎನ್ನುವ ಊರಿಗೆ ಆಗ ಕಲ್ಯಾಣಿ ಎಂದೇ ಹೆಸರು. ನಿಜಾಮರ ಕಾಲ.

ಸಣ್ಣ ವಯಸ್ಸಿನಲ್ಲಿ ಅವರು ಸಿಕಂದರಾಬಾದಿನ ದಂಡಿನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸಕ್ಕಿದ್ದರು. ಸಂಜೆ ಅಲ್ಲಿ ಸಿಪಾಯಿಗಳು ಫುಟ್ಬಾಲ್ ಆಡುತ್ತಿದ್ದರು. ಆಳು ಕಡಿಮೆ ಬಿದ್ದ ದಿನ ಇವರನ್ನೂ ಕರೆಯುತ್ತಿದ್ದರು. ಹಾಗೆ ಆಟ ಕಲಿತರು. ಊರಿಗೆ ವಾಪಸ್ ಬರುವಾಗ ಒಂದು ಹಳೆಯ ಚೆಂಡು ತಂದರು. ಆ ಚೆಂಡಿನಿಂದಲೇ ನಮ್ಮ ಟೀಮು ಶುರುವಾಯಿತು.

ಅವರ ಕಿವಿ ಬಹಳ ಚುರುಕು. ಕುದುರೆ ಕೊಳ್ಳುವವರು ಮೊದಲು ಅವರನ್ನು ಕರೆಯುತ್ತಿದ್ದರು. ಅವರು ಕುದುರೆಗೆ ಬೆನ್ನು ಮಾಡಿ ನಿಂತು, ಓಡಿಸಿರಿ ಎನ್ನುತ್ತಿದ್ದರು. ಗೊರಸಿನ ಸಪ್ಪಳ ಕೇಳಿ ಪಕ್ಕಾ ಇಲ್ಲವೇ ಕಚ್ಚಾ ಎಂದು ಒಂದೇ ಮಾತು ಹೇಳುತ್ತಿದ್ದರು. ಕುಂಟು ಎಷ್ಟು ಸಣ್ಣದಿದ್ದರೂ ಅವರಿಗೆ ಕೇಳುತ್ತಿತ್ತು. ಒಮ್ಮೆ ಹೇಳಿದ್ದನ್ನು ಬದಲಿಸುತ್ತಿರಲಿಲ್ಲ. ಆ ಮಾತಿನ ಮೇಲೆ ವ್ಯಾಪಾರಿಗಳು ಕುದುರೆ ಕೊಳ್ಳುತ್ತಿದ್ದರು, ಬಿಡುತ್ತಿದ್ದರು. ಟಾಂಗಾದ ಜೊತೆಗೆ ಅದೂ ಅವರ ದುಡಿಮೆ.

ಟೀಮಿಗೆ ಇನ್ನೊಬ್ಬರು ಉಸ್ತಾದ್ ವೈಜನಾಥಣ್ಣ. ಅವರದು ಕುಸ್ತಿಯ ತಾಲೀಮು, ಎಂದರೆ ಗರಡಿಮನೆ, ಇತ್ತು. ಮೊದಮೊದಲು ಆಟಗಾರರನ್ನು ಅವರೇ ಆರಿಸುತ್ತಿದ್ದರು. ತಾಲೀಮಿನ ಹುಡುಗರೇ ಬರುತ್ತಿದ್ದರು. ಹೊರಗಿನವರು ಜಗಳ ತೆಗೆದರು. ಆಗ ಮೊಹಿನುದ್ದೀನ್ ಉಸ್ತಾದರು, ಈ ಸಲ ನಾನು ಆರಿಸುತ್ತೇನೆ, ಕುದುರೆ ಆರಿಸಿದ ಹಾಗೆ ಎಂದರು.

"ಮುಖ ನೋಡಿದ್ರ ಯಾರ ಮಗ, ಯಾವ ಓಣಿಯಂವ ಅಂತ ನೆನಪಾಗ್ತದ. ನನಗ ಕಾಲಿನ ಸಪ್ಪಳ ಸಾಕು."

ಅದು ಮೂವತ್ತೆಂಟನೇ ಇಸವಿ ಇರಬೇಕು. ಮಳೆ ನಿಂತು ಬಯಲು ಒಣಗಿತ್ತು. ಕಲ್ಯಾಣಿಯವರ ಜೊತೆ ಆಟ ಹತ್ತಿರ ಬಂದಿತ್ತು. ಪಕ್ಕದ ಹುಡಗಿ ಎಂಬ ಹಳ್ಳಿಯಿಂದ ಲಾಲಪ್ಪ, ಅವನ ತಮ್ಮ ಮಚ್ಚೇಂದ್ರ ಇಬ್ಬರೂ ಬಂದಿದ್ದರು. ಊರ ಹೊರಗಿನ ಕೇರಿಯವರು, ಕೂಲಿ ಮಾಡುವವರು. ಹಿಂದೆಯೂ ಬಂದಿದ್ದರು, ಯಾರೂ ಕರೆದಿರಲಿಲ್ಲ. ಲಾಲಪ್ಪ ನನ್ನ ಪಕ್ಕ ನಿಂತು, "ಈ ಸಲ ಆಗಲಿಲ್ಲಂದ್ರ ಇನ್ನ ಬರಂಗಿಲ್ಲಪ. ಕೂಲಿ ಬಿಟ್ಟು ಎಷ್ಟ್ ಸಲ ಬರಾದು" ಅಂದ.

ಉಸ್ತಾದರು ಬಾವಿಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕುಳಿತರು. ಬೇವಿನ ಮರದಿಂದ ಬಾವಿಯವರೆಗೆ ಒಬ್ಬೊಬ್ಬರೇ ಓಡಬೇಕು. ವೈಜನಾಥಣ್ಣ ಹೆಸರು ಹೇಳದೆ, ಬರೀ "ಬಂದ" ಅನ್ನಬೇಕು. ಬೇರೆ ಮಾತು ಆಡಬಾರದು. ಹಾಗೆಂದು ಮೊದಲೇ ಕರಾರು.

"ಬಂದ."

"ಪಕ್ಕಾ."

"ಬಂದ."

"ಪಕ್ಕಾ. ಖರೆ ಹೊಟ್ಟಿ ಭಾರ ಅದ, ಊಟ ಕಡಿಮಿ ಮಾಡಂತ ಹೇಳ್ರಿ."

ಎಲ್ಲರೂ ನಕ್ಕರು. ನಾನು ಸಿಪಾಯಿಯೊಬ್ಬನ ಹಳೆಯ ಬೂಟು ಹಾಕಿಕೊಂಡು ಓಡಿದೆ. ನನಗೂ ಪಕ್ಕಾ ಬಂತು. ಆಮೇಲೆ ಲಾಲಪ್ಪ ಓಡಿದ. ನಮ್ಮೆಲ್ಲರಿಗಿಂತ ಜೋರಾಗಿ ಓಡಿದ.

"ಕಚ್ಚಾ" ಎಂದರು ಉಸ್ತಾದರು. "ಎಡಗಾಲು ಕುಂಟ್ತದ."

ಅವನ ಹಿಂದೆಯೇ ಮಚ್ಚೇಂದ್ರ ಓಡಿದ.

"ಇದೂ ಕಚ್ಚಾ. ಇವಂದು ಬಲಗಾಲು."

ಲಾಲಪ್ಪ ನೆಲದ ಮೇಲೆ ಕುಳಿತು ಕಾಲಿನ ಬೂಟು ಬಿಚ್ಚತೊಡಗಿದ. ಮಚ್ಚೇಂದ್ರನಿಗೆ ತಡೆಯಲಿಲ್ಲ.

"ಬೆನ್ನ ಮಾಡಿ ಕುಂತರೂ ನಮ್ಮ ಕೇರಿ ಕಾಣ್ತದ ನೋಡ್ರಿ ಇವರಿಗಿ!"

ಉಸ್ತಾದರ ಹೆಗಲು ಅಲುಗಿತು. ಆದರೂ ತಿರುಗಲಿಲ್ಲ. ವೈಜನಾಥಣ್ಣ ಕರಾರು ಮುರಿದರು.

"ಉಸ್ತಾದ್, ಒಂದ್ ಮಾತು. ಕುದುರಿಗಿ ಒಂದೇ ಕಾಲಿಗಿ ಲಾಳ ಹೊಡದ್ರ ಹ್ಯಾಂಗ ಓಡ್ತದ?"

"ಕುಂಟಿದಂಗ ಕೇಳ್ತದ. ಯಾವ ಹುಚ್ಚ ಹೊಡೀತಾನ ಹಂಗ?"

"ಇಲ್ಲಿ ಹೊಡದಾರ್ರಿ. ಬೂಟು ಒಂದೇ ಜೋಡು. ಅಣ್ಣನ ಕಾಲಾಗ ಬಲದ್ದು, ತಮ್ಮನ ಕಾಲಾಗ ಎಡದ್ದು. ಬಲಗಾಲಲೆ ಒದಿಯಂವ ಇಂವ, ಎಡಗಾಲಲೆ ಒದಿಯಂವ ಅಂವ. ತಿರುಗಿ ನೋಡ್ರಿ."

ಕುದುರೆ ವ್ಯಾಪಾರಿ ಮಹೆಬೂಬ ಅಲ್ಲೇ ಆಟ ನೋಡಲು ನಿಂತಿದ್ದ. ಚಿಟಗುಪ್ಪದವನು. ಉಸ್ತಾದರ ಮಾತಿನ ಮೇಲೆ ಕುದುರೆ ಕೊಳ್ಳುವವರಲ್ಲಿ ಅವನೇ ದೊಡ್ಡವನು. ಅವನು ನಕ್ಕ.

"ಮಾತು ಬದಲಿಸ್ತೀರೇನ್ರಿ ಉಸ್ತಾದ್? ನಾಳಿ ನನ್ನ ಕುದುರಿಗೂ ಹಿಂಗೇ ಮಾಡ್ತೀರೇನ್?"

ಉಸ್ತಾದರು ಎದ್ದು ತಿರುಗಿದರು. ಲಾಲಪ್ಪನ ಕೈಯಲ್ಲಿದ್ದ ಒಂದು ಬೂಟು ನೋಡಿದರು, ಮಚ್ಚೇಂದ್ರನ ಕಾಲಿನಲ್ಲಿದ್ದ ಇನ್ನೊಂದು ನೋಡಿದರು.

"ತಪ್ಪಿದ್ರ ನಿನ್ನ ಕುದುರಿಗೂ ಬದಲಿಸ್ತೀನಿ, ಮಹೆಬೂಬ" ಎಂದರು. ಆಮೇಲೆ ಲಾಲಪ್ಪನ ಕಡೆ ನೋಡಿ, "ಕುಂಟ ಅಂದೆ ನಿನಗ. ಗಲತಿ ನಂದು. ಎಲ್ಲಾರೂ ಬೂಟು ಬಿಚ್ಚರಿ. ಇನ್ನೊಮ್ಮೆ ಓಡ್ರಿ."

ಮತ್ತೆ ಬೆನ್ನು ಮಾಡಿ ಕುಳಿತರು. ಎಲ್ಲರೂ ಬರಿಗಾಲಲ್ಲಿ ಓಡಿದೆವು. ಈ ಸಲ ಲಾಲಪ್ಪ, ಮಚ್ಚೇಂದ್ರ ಇಬ್ಬರೂ ಪಕ್ಕಾ. ನನ್ನ ಹಿಮ್ಮಡಿ ಹಿಂದಿನ ತಿಂಗಳಿನಿಂದ ನೋಯುತ್ತಿತ್ತು. ಬೂಟಿನಲ್ಲಿ ಅದು ಕೇಳಿಸಿರಲಿಲ್ಲ. ಬರಿಗಾಲಲ್ಲಿ ಕೇಳಿಸಿತು. ನಾನು ಕಚ್ಚಾ ಆದೆ. ಅದು ಸರಿಯಾಗಿಯೇ ಇತ್ತು.

ಒಮ್ಮೆ ಬದಲಿಸಿದ ಮಾತನ್ನು ಮಹೆಬೂಬ ನಂಬುವವನಲ್ಲ. ಆ ವಾರ ಹೊಸ ಕುದುರೆ ತೋರಿಸಲು ಅವನು ಬೇರೆಯವರನ್ನು ಕರೆದ. ಅವನನ್ನು ನೋಡಿ ಇನ್ನೂ ಕೆಲವರು ಹಾಗೆಯೇ ಮಾಡಿದರು. ಸಂತೆಯ ದಿನ ಉಸ್ತಾದರು ಟಾಂಗಾದ ಮೇಲೆ ಖಾಲಿ ಕುಳಿತದ್ದನ್ನು ನಾನು ನೋಡಿದ್ದೇನೆ.

ಆಟದ ದಿನ ಬೆಳಗಿನ ಜಾವ ಕಲ್ಯಾಣಿಗೆ ಹೊರಟೆವು. ಉಳಿದವರು ಬಂಡಿಯಲ್ಲಿ ಮುಂದೆ ಹೋಗಿದ್ದರು. ಟಾಂಗಾದಲ್ಲಿ ಉಸ್ತಾದರು, ವೈಜನಾಥಣ್ಣ, ಅಣ್ಣ ತಮ್ಮ ಇಬ್ಬರು, ಮತ್ತೆ ನಾನು. ನಾನು ನೀರಿನ ಕೊಡ ಹಿಡಿದುಕೊಂಡಿದ್ದೆ. ದಾರಿಯಲ್ಲಿ ಮಚ್ಚೇಂದ್ರ ಕೇಳಿದ.

"ಚಾಚಾ, ಮಹೆಬೂಬ ಬ್ಯಾರೆಯವರಿಗಿ ಕುದುರಿ ತೋರಿಸ್ಯಾನಂತಲ್ರಿ?"

"ತೋರಿಸಲಿ. ಕುದುರಿ ಅವಂದು."

"ನಮ್ಮ ಸಲುವಾಗಿ ನಿಮಗ ಲುಕ್ಸಾನ ಆಯ್ತು."

ಉಸ್ತಾದರು ಲಗಾಮು ಸ್ವಲ್ಪ ಸಡಿಲು ಬಿಟ್ಟರು.

"ಇವತ್ತ ನಿಮ್ಮಣ್ಣ ಗೋಲು ಹೊಡಿಲಿಲ್ಲಂದ್ರ ಅದು ಲುಕ್ಸಾನ. ಬಾಯಿ ಮುಚ್ಚಿ ಕುಂದ್ರು."

ಲಾಲಪ್ಪ ನಕ್ಕ. ಮುಂದೆ ಕಲ್ಯಾಣಿಯ ಕೋಟೆ ಕಾಣತೊಡಗಿತ್ತು.