ಕೆಂಪು ಕ್ಲಿಪ್ಪಿನ ಮೇಲೆ ಅನುಮಾನ

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಅನುಮಾನದಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಇಸಿಜಿ ತೆಗೆಯುತ್ತಿದ್ದ ಆಕೆ ಮನುಷ್ಯರನ್ನೂ ನಂಬುತ್ತಿರಲಿಲ್ಲ, ಯಂತ್ರವನ್ನೂ ನಂಬುತ್ತಿರಲಿಲ್ಲ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗುವಳು. ಅಷ್ಟು ಹೊತ್ತೂ ಗಂಡ ಬೀದಿಯ ತಿರುವಿನಲ್ಲಿ ನಿಂತಿರುವನು. ಕೈಕಾಲಿಗೆ ಹಾಕುವ ಕ್ಲಿಪ್ಪುಗಳನ್ನು ತೊಳೆಯಲೂ ಬೇರೆಯವರಿಗೆ ಕೊಡುತ್ತಿರಲಿಲ್ಲ.

ಅಂದು ಮೊದಲಿಗೆ ಕ್ರೇನ್ ಓಡಿಸುವವನೊಬ್ಬ ಬಂದ. ಹೃದಯ ಸರಿಯಿದೆ ಎಂಬ ಚೀಟಿ ಅವನಿಗೆ ಸಂಜೆಯೊಳಗೆ ಬೇಕಿತ್ತು. ಇಲ್ಲದಿದ್ದರೆ ಅವನ ಜಾಗಕ್ಕೆ ಬೇರೊಬ್ಬ.

ಅಕ್ಕ ಕೆಂಪು ಕ್ಲಿಪ್ಪನ್ನು ಬಲಗೈಗೆ, ಹಳದಿಯನ್ನು ಎಡಗೈಗೆ ಹಾಕಿದಳು. ಹಸಿರು ಎಡಗಾಲಿಗೆ, ಕಪ್ಪು ಬಲಗಾಲಿಗೆ. ಎದೆಗೆ ಆರು ರಬ್ಬರ್ ಬಲ್ಬು. ಕಾಗದ ಹೊರಬಂತು. ಎರಡು ಕೈಗಳ ನಡುವಿನ ವಿದ್ಯುತ್ತನ್ನು ತೋರಿಸುವ ಮೊದಲ ಲೀಡಿನಲ್ಲಿ, ಮೇಲೇಳಬೇಕಾದ ಮೊನೆಗಳೆಲ್ಲ ಕೆಳಕ್ಕೆ ಚುಚ್ಚಿದ್ದವು.

ಆಕೆ ಅವನನ್ನು ದಿಟ್ಟಿಸಿದಳು. "ಏನಪ್ಪಾ, ಯಾವುದಾದ್ರೂ ಮಾತ್ರೆ ನುಂಗಿ ಬಂದ್ಯಾ?"

"ಚಹಾನೂ ಕುಡಿದಿಲ್ಲ ಅಕ್ಕಾ."

"ಅಲ್ಲಾಡಿದ್ಯಾ?"

"ಅಷ್ಟೆತ್ತರದಲ್ಲಿ ಅಲ್ಲಾಡದೆ ಕೂರೋನು ನಾನು. ನಿಮ್ಮ ಮಂಚದ ಮೇಲೆ ಅಲ್ಲಾಡ್ತೀನಾ?"

ಹೊಸ ಡಾಕ್ಟರು ಬಂದು ಕಾಗದ ನೋಡಿದರು. "ಹೃದಯ ಬಲಗಡೆ ಇರಬಹುದು. ದೊಡ್ಡಾಸ್ಪತ್ರೆಗೆ ಬರೀತೀನಿ. ಇವತ್ತು ಚೀಟಿ ಕೊಡೋಕಾಗಲ್ಲ."

ಮಲಗಿದ್ದವನು ಗೋಡೆಯ ಗಡಿಯಾರ ನೋಡಿದ.

"ಸ್ವಲ್ಪ ತಡೀರಿ ಸರ್," ಎಂದಳು ಅಕ್ಕ. "ನನಗ್ಯಾಕೋ ಅನುಮಾನ."

"ನಿಮಗೆ ಯಾವಾಗ ಇರಲಿಲ್ಲ ಅಕ್ಕಾ?"

ಆಕೆ ಕಾಗದವನ್ನು ಮತ್ತೆ ಕೈಗೆತ್ತಿಕೊಂಡಳು. ಹೃದಯ ಬಲಗಡೆ ಇದ್ದಿದ್ದರೆ ಎದೆಯ ಲೀಡುಗಳೂ ಕೆಡಬೇಕಿತ್ತು. ಅಲ್ಲಿ ಮೊನೆಗಳು ಒಂದರಿಂದ ನಾಲ್ಕರವರೆಗೆ ಮೆಟ್ಟಿಲು ಹತ್ತಿದಂತೆ ಸರಿಯಾಗಿಯೇ ಏರಿದ್ದವು. ಎದೆ ನಿಜ ಹೇಳುತ್ತಿದೆ. ಸುಳ್ಳು ಹೇಳುತ್ತಿರುವುದು ಕೈ. ಆದರೆ ಕೆಂಪು ಕ್ಲಿಪ್ಪು ಬಲಗೈಯಲ್ಲೇ ಇದೆಯಲ್ಲ!

ಕ್ಲಿಪ್ಪಿಗೆ ಸಿಕ್ಕಿಸುವ ತಂತಿಗಳ ತುದಿಯ ಬಣ್ಣ ಎಂದೋ ಮಾಸಿತ್ತು. ಅವೆಲ್ಲ ಒಂದಾಗುವ ಗಂಟಿನ ಬಳಿ ಮಾತ್ರ ಗುರುತಿನ ಅಕ್ಷರಗಳಿದ್ದವು. 'ಎಡಗೈ' ಎಂಬ ಗುರುತಿನ ಮೇಲೆ ಬೆರಳಿಟ್ಟು ಆಕೆ ತಂತಿಯನ್ನು ಸವರುತ್ತಾ ಬಂದಳು. ಬೆರಳು ಹೋಗಿ ನಿಂತದ್ದು ಅವನ ಬಲಗೈಯ ಕೆಂಪು ಕ್ಲಿಪ್ಪಿನಲ್ಲಿ.

ಬೆಳಿಗ್ಗೆ ಕ್ಲಿಪ್ಪುಗಳನ್ನು ಕಳಚಿ ತೊಳೆದು, ತಂತಿಗಳನ್ನು ಮತ್ತೆ ಸಿಕ್ಕಿಸಿದ್ದು ಯಾರು? ಎಲ್ಲರನ್ನೂ ಅನುಮಾನಿಸಿದ ಆಕೆ ತನ್ನ ಕೈಗಳನ್ನು ಮಾತ್ರ ಬಿಟ್ಟಿದ್ದಳು.

"ತಪ್ಪು ನಂದೇ ಸರ್," ಎಂದಳು. ತಂತಿಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ತೆಗೆದಳು. ಮೊನೆಗಳು ಮೇಲೆದ್ದವು. ಡಾಕ್ಟರು ಚೀಟಿಗೆ ಸಹಿ ಹಾಕಲು ಪೆನ್ನು ತೆಗೆದರು.

ಕ್ರೇನಿನವನು ಮಾತ್ರ ಏಳಲಿಲ್ಲ.

"ಆಗಲೇ ಅದು ಅಂದ್ರಿ, ಈಗ ಇದು ಅಂತೀರಿ. ನನ್ನ ಕ್ರೇನಿನ ಕೆಳಗೆ ಹತ್ತು ಜನ ಕೆಲಸ ಮಾಡ್ತಾರೆ ಅಕ್ಕಾ. ನಾನ್ಹೇಗೆ ನಂಬ್ಲಿ?"

ಅಕ್ಕ ಅವನನ್ನೇ ನೋಡಿದಳು. ಅಂದು ಮೊದಲ ಸಲ ಅವಳಿಗೆ ಒಬ್ಬರ ಮಾತು ಪೂರ್ತಿ ಸರಿ ಎನಿಸಿತು. ಅವನ ತೋರುಬೆರಳನ್ನು ಹಿಡಿದು ಗಂಟಿನ ಅಕ್ಷರದ ಮೇಲಿಟ್ಟಳು.

"ನೀನೇ ಸವರಿ ನೋಡು. ಆಮೇಲೆ ಇನ್ನೊಂದು ತೆಗೀತೀನಿ."